ಮಿಕ್ಕಿದ ಹೊಲದ ಬಾಟಲಿ

ನಮ್ಮ ಮನೆಯಲ್ಲಿ ಹರಳೆಣ್ಣೆ ಇರುವುದು ವೈನ್ ಬಾಟಲಿಯಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಜಾಡಿಯ ಪಕ್ಕದಲ್ಲಿ ಅದು ಎದೆ ಸೆಟೆಸಿಕೊಂಡು ನಿಂತಿರುತ್ತದೆ. ನೀರು ಕುಡಿಯಲು ಒಳಗೆ ಬಂದವರು ಅದನ್ನು ಕಂಡು, ತಮಗೆ ಬಾಯಾರಿಕೆಯೇ ಇಲ್ಲವೆಂದು ಹೊರಗೆ ಹೋದದ್ದುಂಟು. ನಾನು ಶಿರಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಕುಡಿತದ ದುಷ್ಪರಿಣಾಮಗಳನ್ನು ಕುರಿತು ವರ್ಷಕ್ಕೊಮ್ಮೆ ಮಕ್ಕಳಿಗೆ ಭಾಷಣ ಬಿಗಿಯುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಹೋದ ಸಲ ಆ ಭಾಷಣ ಮುಗಿಸಿ ಮನೆಗೆ ಬಂದ ದಿನವೇ ನಮ್ಮ ಹೆಡ್‌ಮಾಸ್ಟರರ ಮಡದಿ ಬಂದರು, ಬಾಟಲಿಯನ್ನು ಎತ್ತಿ ತಿರುಗಿಸಿ ನೋಡಿದರು.

"ಮಿಸ್ಸೇ, ನಿಮ್ಮನೆಯೋರಿಗೆ ಅಭ್ಯಾಸ ಐತಾ?" ಎಂದು ಮೆಲ್ಲಗೆ ಕೇಳಿದರು.

"ಅಯ್ಯೋ, ಅವರದ್ದಲ್ಲ, ನಮ್ಮವ್ವಂದು," ಎಂದೆ.

ನಿಜ ಹೇಳಿದರೂ ಕೆಲವು ಸಲ ಕೆಲಸ ಕೆಡುತ್ತದೆ. ಆಕೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟರು. ಎಪ್ಪತ್ತು ದಾಟಿದ ನಮ್ಮವ್ವನ ಬಗ್ಗೆ ಶಿರಾದಲ್ಲಿ ಈಗ ಏನು ಮಾತು ನಡೆಯುತ್ತಿದೆಯೋ ನನಗೆ ಗೊತ್ತಿಲ್ಲ. ಆದ್ದರಿಂದ ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ.

ದ್ರಾಕ್ಷಿಗೂ ನಮಗೂ ಏನೇನೂ ನಂಟಿರಲಿಲ್ಲ. ನಾವು ಚಿಕ್ಕವರಿದ್ದಾಗ ದ್ರಾಕ್ಷಿ ಎಂಬುದು ಹಣ್ಣಲ್ಲ, ಕಾಯಿಲೆಯ ಲಕ್ಷಣ. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಪೇಪರಿನಲ್ಲಿ ದ್ರಾಕ್ಷಿ ಕಟ್ಟಿಸಿಕೊಂಡರೆ, "ಯಾರ್ನ ಅಡ್ಮಿಟ್ ಮಾಡವ್ರೆ?" ಎಂದು ಕೇಳುವುದು ರೂಢಿ. ನನ್ನ ತಂಗಿ ಸುಜಾತಳಿಗೆ ಕಾಮಾಲೆ ಆದಾಗ ಒಂದು ಪೊಟ್ಟಣ ಬಂದಿತ್ತು. ಅವಳು ಒಂದೊಂದೇ ಹಣ್ಣನ್ನು ಕೆನ್ನೆಯಲ್ಲಿಟ್ಟುಕೊಂಡು ನನ್ನನ್ನು ನೋಡುತ್ತಿದ್ದಳು. ನನಗೂ ಕಾಮಾಲೆ ಬರಲಪ್ಪಾ ಎಂದು ನಾನು ಎಲ್ಲ ದೇವರಿಗೂ ಕೈಮುಗಿದೆ. ಬರಲಿಲ್ಲ. ನಮ್ಮ ಪಾಲಿನ ಹಣ್ಣು ಏನಿದ್ದರೂ ಬೇಲಿಯ ಕಾರೆಹಣ್ಣು, ಕವಳೆಹಣ್ಣು, ಹುಣಸೆಯ ದೋರುಗಾಯಿ.

ಹೊಲದ ವಿಷಯಕ್ಕೆ ಬರುತ್ತೇನೆ. ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಿಕ್ಕಿನಲ್ಲಿ, ಒಂದು ಬಂಡೆಗುಡ್ಡದ ಬುಡದಲ್ಲಿ ನಮ್ಮದೊಂದು ಹೊಲವಿದೆ. ಅದರ ಹೆಸರು ಮಿಕ್ಕಿದ ಹೊಲ. ಊರಿನವರೆಲ್ಲ ಹಾಗೆಯೇ ಕರೆಯುವುದು. ನಮ್ಮಪ್ಪನೂ ದೊಡ್ಡಪ್ಪನೂ ಭಾಗವಾದ ದಿನ ಅದಕ್ಕೆ ಆ ಹೆಸರು ಬಿತ್ತು. ಕೆರೆ ಕೆಳಗಿನ ಗದ್ದೆ, ಬಾವಿ ಇದ್ದ ತೋಟ, ಎರೆ ಭೂಮಿ, ಎಲ್ಲವೂ ದೊಡ್ಡಪ್ಪನಿಗೆ ಹೋದವು. ಅವರಿಗೆ ಮೂವರು ಗಂಡುಮಕ್ಕಳು. ನಮ್ಮಪ್ಪನಿಗೆ ನಾವಿಬ್ಬರು ಹೆಣ್ಣು. ಪಂಚಾಯ್ತಿಗೆ ಕೂತವರ ಮುಂದೆ ದೊಡ್ಡಪ್ಪ, "ಇಬ್ರೂ ಇನ್ನೊಬ್ರ ಮನೆಗೆ ಹೋಗೋವು. ನಿಂಗೆ ಇನ್ನೇನಪ್ಪ ಬೇಕು? ಮಿಕ್ಕಿದ್ದು ನೀನೇ ಇಟ್ಕೊ," ಎಂದರಂತೆ. ಮಿಕ್ಕಿದ್ದು ಎಂದರೆ ಈ ಕಲ್ಲುಗುಂಡಿನ ಹೊಲ. ನಮ್ಮಪ್ಪ ಅಣ್ಣನ ಎದುರು ಬಾಯಿ ತೆರೆದವರಲ್ಲ. ಅವ್ವ ಕಂಬದ ಹಿಂದೆ ನಿಂತು ಕೇಳಿಸಿಕೊಂಡಳು. ಅವಳೂ ಆಗ ಏನೂ ಅನ್ನಲಿಲ್ಲ.

ಅನ್ನಲಿಲ್ಲ ಎಂದ ಮಾತ್ರಕ್ಕೆ ಮರೆತಳು ಎಂದುಕೊಳ್ಳಬೇಡಿ. ನಮ್ಮವ್ವನದು ಹಾಗಲ್ಲ. ಮದುವೆಯಲ್ಲಿ ಯಾರು ಬಳೆ ಕಡಿಮೆ ಇಟ್ಟರು ಎಂಬುದನ್ನು ಇವತ್ತಿಗೂ ಬಳೆಯ ಬಣ್ಣದ ಸಮೇತ ಹೇಳುತ್ತಾಳೆ. ಆ ಹೊಲದಲ್ಲಿ ಅವಳು ಕಲ್ಲು ಆಯ್ದಳು, ನಾವೂ ಆಯ್ದೆವು. ಶಾಲೆ ಬಿಟ್ಟು ಬಂದರೆ ಬೇರೆ ಮಕ್ಕಳಿಗೆ ಕುಂಟೆಬಿಲ್ಲೆ, ನಮಗೆ ಕಲ್ಲು. ನನಗೆ ಭೂರಚನೆಯ ಪಾಠ ಅಷ್ಟು ಚೆನ್ನಾಗಿ ಬರುವುದಕ್ಕೆ ಇದೇ ಕಾರಣವೆಂದು ಹೇಳಿಕೊಳ್ಳುತ್ತೇನೆ, ಮಕ್ಕಳು ನಂಬುವುದಿಲ್ಲ. ನಾವು ಆಯ್ದಷ್ಟೂ ಕಲ್ಲು ಮೇಲೆ ಬರುತ್ತಿತ್ತು. ಬೆಳೆದದ್ದು ಹುರುಳಿ, ಕಡಲೆಕಾಯಿ, ಅವೂ ಲೆಕ್ಕಕ್ಕಿಷ್ಟು. ದಾರಿಯಲ್ಲಿ ಹೋಗುವವರು, "ಏನಮ್ಮ, ಮಿಕ್ಕಿದ್ದಾಗೆ ಏನಾರ ಮಿಕ್ತಾ?" ಎಂದು ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು. ಮನೆಗೆ ಬಂದು ಮುದ್ದೆ ತೊಳಸುವಾಗ ಆ ಕೋಲು ಪಾತ್ರೆಗೆ ಬಡಿಯುವ ಸದ್ದಿನಲ್ಲಿ ನಗು ಎಷ್ಟು ನಿಜವೆಂದು ನಮಗೆ ತಿಳಿಯುತ್ತಿತ್ತು.

ಅಪ್ಪ ತೀರಿಕೊಂಡರು. ನಾನು ಮದುವೆಯಾಗಿ ಶಿರಾಕ್ಕೆ ಬಂದೆ. ಸುಜಾತ ಇನ್ನೊಬ್ಬರ ಮನೆಗೆ ಹೋಗಲಿಲ್ಲ. ಪಾವಗಡದ ಕಡೆ, ರಾಯಚರ್ಲಿನ ಹತ್ತಿರ, ಸೋಲಾರ್ ಪಾರ್ಕಿನಲ್ಲಿ ಗಾಜಿನ ಹಲಗೆಗಳನ್ನು ತೊಳೆಸುವ ಸೂಪರ್‌ವೈಸರ್ ಆಗಿದ್ದಳು. ಅಲ್ಲಿಂದ ಅರ್ಧ ತೆಲುಗನ್ನೂ ಒಂದು ಜ್ಞಾನೋದಯವನ್ನೂ ಹೊತ್ತು ತಂದಳು. "ಅಕ್ಕಾ, ಬರೀ ಬಿಸ್ಲನ್ನೇ ಮಾರ್ತಾರೆ ಕಣೆ ಅಲ್ಲಿ. ನಮ್ಮತ್ರ ಬಿಸ್ಲೂ ಐತೆ, ಕಲ್ಲೂ ಐತೆ," ಎಂದಳು. ಕಲ್ಲು ಕೊಳ್ಳುವವರು ಯಾರೆಂದು ಕೇಳಿದೆ. ವೈನ್ ಮಾಡುವವರು ಎಂದಳು. ನಾನು ಅವಳ ಹಣೆ ಮುಟ್ಟಿ ನೋಡಿದೆ.

ಆದರೆ ಒಂದು ದಿನ ವೈನಿನ ಕಂಪನಿಯವರು ನಿಜವಾಗಿಯೂ ಬಂದರು. ಅವರಲ್ಲಿ ವೈನ್ ತಯಾರಿಸುವವರು ವಿಜಯಪುರದ ಕಡೆಯವರು, ದ್ರಾಕ್ಷಿ ತೋಟದಲ್ಲೇ ಹುಟ್ಟಿ ಬೆಳೆದವರು. ಅವರನ್ನು ನಮ್ಮೂರಿನಲ್ಲಿ ವೈನ್ ಮೇಷ್ಟ್ರು ಎಂದೇ ಕರೆದರು. ಅವರು ಹೊಲದ ಮಣ್ಣನ್ನು ಕೈಯಲ್ಲಿ ಹಿಡಿದು ಉದುರಿಸಿ, "ಭಾಳ ಛಲೋ ಭೂಮಿ ಐತ್ರಿ ಅವ್ವಾರ. ಬಳ್ಳಿಗೆ ಸುಖ ಸಿಗಬಾರದು. ಬೇರು ಕಲ್ಲಾಗ ಹುಡುಕ್ಯಾಡಬೇಕು. ಅಂದ್ರನ ಹಣ್ಣಿಗೆ ರುಚಿ," ಎಂದರು.

ಆ ಹೊಲವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅವ್ವ ಅವರಿಗೆ ಎರಡನೇ ಲೋಟ ಮಜ್ಜಿಗೆ ಕೊಟ್ಟಳು.

ಹಣ್ಣನ್ನು ಕಂಪನಿಯೇ ಕೊಳ್ಳುವುದೆಂದು ಕರಾರಾಗಿ, ಸುಜಾತ ಶಿರಾಜ್ ಎಂಬ ತಳಿಯ ಬಳ್ಳಿ ನೆಡಿಸಿದಳು. ಅದು ನಮ್ಮ ಶಿರಾದ ಹೆಸರೇ ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಹಕ್ಕು ಮಂಡಿಸಿದವರಿದ್ದಾರೆ. ಸಣ್ಣ ಕಪ್ಪು ಹಣ್ಣು, ದಪ್ಪ ಸಿಪ್ಪೆ, ಬಾಯಿತುಂಬ ಬೀಜ. ತಿನ್ನುವುದಕ್ಕೆ ಲಾಯಕ್ಕಿಲ್ಲ. ರಸವನ್ನು ಸಿಪ್ಪೆಯ ಜೊತೆಗೇ ಹುಳಿಯಲು ಬಿಡುತ್ತಾರೆ, ಕೆಂಪು ಬರುವುದೇ ಸಿಪ್ಪೆಯಿಂದ, ಆಮೇಲೆ ಓಕ್ ಎಂಬ ಮರದ ಪೀಪಾಯಿಯಲ್ಲಿ ಒಂದು ವರ್ಷಕ್ಕೂ ಮೇಲೆ ಮಲಗಿಸುತ್ತಾರೆ ಎಂದು ಮೇಷ್ಟ್ರು ವಿವರಿಸಿದರು. ಮರ ಫ್ರಾನ್ಸಿನಿಂದ ಬರುತ್ತದಂತೆ. "ನಮ್ಮ ಹುಣಿಸೆ ಮರದ್ದು ಆಗಕ್ಕಿಲ್ವಾ?" ಎಂದು ಅವ್ವ ಕೇಳಿದಳು. ಅವರು ನಗಲಿಲ್ಲ, ಯೋಚಿಸಿದರು. ಅದಕ್ಕೇ ಅವ್ವನಿಗೆ ಅವರ ಮೇಲೆ ಗೌರವ.

ಮೊದಲೆರಡು ಫಸಲು ಊರೂರಿನ ದ್ರಾಕ್ಷಿಯ ಜೊತೆ ದೊಡ್ಡ ಟ್ಯಾಂಕಿಗೆ ಸೇರಿತು. ಅದು ಎಲ್ಲರ ಹಣ್ಣಿನ ವೈನು. ಅದರ ಮೇಲೆ ಯಾವ ಹೊಲದ ಹೆಸರೂ ಇರುವುದಿಲ್ಲ. ಮೂರನೆಯ ಫಸಲು ಕಾಯಿಕಟ್ಟಿದಾಗ ಮೇಷ್ಟ್ರು ಒಂದು ಮಾತು ಆಡಿದರು. ಈ ಸಲದ ಹಣ್ಣು ಗಟ್ಟಿಯಾಗಿ ಬಂದರೆ ಬೇರೆ ಯಾವುದರ ಜೊತೆಗೂ ಬೆರೆಸದೆ, ಈ ಒಂದೇ ತೋಟದ್ದನ್ನು ಬೇರೆ ಬಾಟಲಿಗೆ ತುಂಬುತ್ತೇವೆ. ಕಂಪನಿಯ ಅತಿ ಮೇಲಿನ ದರ್ಜೆಯ ವೈನು ಅದೇ. ಬಾಟಲಿಯ ಮೇಲೆ ಹೊಲದ ಹೆಸರು ಬರುತ್ತದೆ.

"ನಮ್ಮೊಲದ ಹೆಸ್ರಾ?" ಎಂದು ಅವ್ವ ಕೇಳಿದಳು.

"ಹೌದ್ರಿ. ಏನ್ ಹೆಸರೈತೋ ಅದು."

ಅವತ್ತಿನಿಂದ ಅವಳಿಗೆ ಅದೊಂದೇ ಧ್ಯಾನ. ವೈನು ಎಂದರೆ ಕೆಂಪೋ ಕರಿಯೋ ಅವಳಿಗೆ ಬೇಕಿರಲಿಲ್ಲ. ಫೋನು ಮಾಡಿದರೆ ನನ್ನ ಸುಖದುಃಖ ಬಿಟ್ಟು, "ಅದು ಟ್ಯಾಂಕಿಗೆ ಸೇರ್ಬಾರ್ದು ಕಣಮ್ಮ. ಬ್ಯಾರೆಯೇ ಬರ್ಬೇಕು. ನಾನು ಕಣ್ಮುಚ್ಚೋದ್ರೊಳ್ಗೆ ಆ ಹೆಸ್ರು ಕಣ್ಣಾಗೆ ನೋಡ್ಬೇಕು," ಎನ್ನುತ್ತಿದ್ದಳು. ನನಗೆ ನಗು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಇಷ್ಟೆಲ್ಲ ಆಸೆ ಇಟ್ಟುಕೊಂಡವಳು ಮಾಡಿದ ಕೆಲಸ ಕೇಳಿ.

ಶಿವರಾತ್ರಿ ಕಳೆಯಿತೆಂದರೆ ಊರ ಬಸ್ ನಿಲ್ಲುವಲ್ಲಿ ಅವ್ವ ಅರವಟ್ಟಿಗೆ ಇಡುತ್ತಾಳೆ. ಹೊಂಗೆಯ ನೆರಳು, ನಾಲ್ಕು ಮಡಕೆ ನೀರು, ಒಂದರಲ್ಲಿ ನೀರುಮಜ್ಜಿಗೆ. ದಾರಿಹೋಕರಿಗೆಲ್ಲ ಪುಕ್ಕಟೆ. ನಮ್ಮ ಸೀಮೆಯಲ್ಲಿ ಬೇಸಿಗೆ ಬಂದರೆ ಇದಕ್ಕಿಂತ ದೊಡ್ಡ ಪುಣ್ಯವಿಲ್ಲ, ಬಾಯಾರಿದವರನ್ನು ಹಾಗೇ ಕಳಿಸುವುದಕ್ಕಿಂತ ದೊಡ್ಡ ಪಾಪವಿಲ್ಲ. ಹಸು, ನಾಯಿ, ಕಾಗೆ, ಕಂಡಕ್ಟರು, ಎಲ್ಲರಿಗೂ ಕುಡಿಸಿಯೇ ಅವಳಿಗೆ ನೆಮ್ಮದಿ. ದ್ರಾಕ್ಷಿ ಹಣ್ಣಾಗುವುದೂ ಅದೇ ಹೊತ್ತಿಗೆ. ಕೊಯ್ಲಿಗೆ ಮೂರು ವಾರ ಇರುವಾಗ ಮೇಷ್ಟ್ರು ನೀರು ನಿಲ್ಲಿಸಲು ಹೇಳಿ ಹೋದರು. ಬಳ್ಳಿ ದಾಹದಲ್ಲಿರಬೇಕು, ಆಗ ಹಣ್ಣಿನಲ್ಲಿ ಸಕ್ಕರೆ ಕೂಡುತ್ತದೆ. ಕೊಳವೆಬಾವಿಯಲ್ಲಿ ನೀರಿತ್ತು, ಕರೆಂಟೂ ಇತ್ತು. ಎರಡೂ ಒಟ್ಟಿಗೆ ಇರುವುದೇ ನಮ್ಮ ಕಡೆ ಅಪರೂಪ. ಇದ್ದೂ ಹಾಯಿಸಬೇಡ ಎಂದರೆ!

ಊರಿಗೆಲ್ಲ ನೀರು ಕೊಟ್ಟು ಮನೆಗೆ ಬರುವಾಗ ಅವ್ವ ಆ ಹೊಲ ಹಾಯ್ದೇ ಬರಬೇಕು. ಬಂಡೆಯ ಪಕ್ಕದ ಸಾಲುಗಳ ಎಲೆ ಜೋತು ಬಿದ್ದಿದ್ದವು. ಒಂದು ವಾರ ತಡೆದುಕೊಂಡಳು. ಆಮೇಲೆ ಒಂದು ಸಂಜೆ ಆ ಸಾಲುಗಳ ವಾಲ್ವ್ ತಿರುಗಿಸಿಬಿಟ್ಟಳು. ಮಾರನೆಯ ಸಂಜೆಯೂ ತಿರುಗಿಸಿದಳು. ಯಾರಿಗೂ ಹೇಳಲಿಲ್ಲ.

ಮೇಷ್ಟ್ರು ಬಂದು ಸಾಲುಸಾಲಿನ ಹಣ್ಣು ಹಿಂಡಿ, ಪುಟ್ಟ ದುರ್ಬೀನಿನಂಥದೊಂದು ಕೊಳವೆಗೆ ಒಂದು ತೊಟ್ಟು ಬಿಟ್ಟು, ಬೆಳಕಿಗೆ ಹಿಡಿದು ನೋಡಿದರು. ಅದರಲ್ಲಿ ಸಕ್ಕರೆ ಎಷ್ಟೆಂದು ಕಾಣುತ್ತದೆ. ಬಂಡೆಯ ಪಕ್ಕಕ್ಕೆ ಬಂದಾಗ ಅವರ ಮುಖ ಇಳಿಯಿತು. ಅಲ್ಲಿಯ ಹಣ್ಣು ನೀರು ಕುಡಿದು ಊದಿಕೊಂಡಿದ್ದವು, ಕೆಲವು ಬಿರಿದಿದ್ದವು. ಪೈಪು ಎಲ್ಲೋ ಸೋರುತ್ತಿದೆ ಎಂದರು. ನಾನೂ ರಜೆ ಹಾಕಿ ಊರಿಗೆ ಹೋಗಿದ್ದೆ. ವಿಜ್ಞಾನದವಳಲ್ಲವೇ, ಇಲಿ ಕಡಿದಿರಬೇಕೆಂದು ಖಚಿತವಾಗಿ ಸಾರಿದೆ, ಇಲಿಯ ಹಲ್ಲಿನ ವಿಷಯ ಸ್ವಲ್ಪ ಪಾಠವನ್ನೂ ಮಾಡಿದೆ. ಸುಜಾತ ಗುದ್ದಲಿ ಹಿಡಿದು ಆ ಉರಿಬಿಸಿಲಿನಲ್ಲಿ ಪೈಪಿನ ಉದ್ದಕ್ಕೂ ಅಗೆಯತೊಡಗಿದಳು. ಅವ್ವ ಬದುವಿನ ಮೇಲೆ ಕೂತು ನೋಡುತ್ತಿದ್ದಳು.

"ಸಾಕು ನಿಲ್ಸೇ," ಎಂದಳು ಕೊನೆಗೆ. "ಇಲೀನೂ ಇಲ್ಲ, ಗಿಲೀನೂ ಇಲ್ಲ. ನಾನೇ ನೀರು ಬುಟ್ಟಿದ್ದು."

ಸುಜಾತ ಗುದ್ದಲಿಯನ್ನು ನೆಲಕ್ಕೆ ಎಸೆದಳು. "ಯಾಕವ್ವ? ನಿಂಗೇ ತಾನೆ ಹೆಸ್ರು ಬೇಕಾಗಿದ್ದು? ಮೂರೊರ್ಸ ಕಷ್ಟಪಟ್ಟಿದ್ದೆಲ್ಲ ಹಾಳ್ ಮಾಡ್ಬುಟ್ಯಲ್ಲ!"

"ಬಾಯಾರಿದ್ವು ಕಣೆ. ಊರೋರಿಗೆಲ್ಲ ಕೊಟ್ಬುಟ್ಟು ನಮ್ ಬಳ್ಳಿಗೆ ಹೆಂಗೆ ಇಲ್ಲ ಅನ್ಲಿ?" ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಅಳುವುದನ್ನು ನಾನು ಅಪ್ಪ ಹೋದಾಗ ನೋಡಿದ್ದೆ, ಆಮೇಲೆ ಅವತ್ತೇ.

ಮೇಷ್ಟ್ರ ಓದಿನಲ್ಲಿ ಬಳ್ಳಿಯ ರೋಗಗಳೆಲ್ಲ ಇದ್ದವು, ಇದು ಇರಲಿಲ್ಲ. ಆ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕೊಯ್ಯೋಣ, ಬೇರೆಯೇ ಹುಳಿಯಲು ಇಡೋಣ, ಪೀಪಾಯಿಯಿಂದ ತೆಗೆದು ರುಚಿ ನೋಡಿದಾಗ ಒಂಟಿಯಾಗಿ ನಿಲ್ಲದಿದ್ದರೆ ಟ್ಯಾಂಕಿಗೆ ಸುರಿಯುವುದೇ ಗತಿ ಎಂದರು.

ಬಿಟ್ಟ ಸಾಲುಗಳ ಹಣ್ಣನ್ನು ಅವ್ವ ವ್ಯರ್ಥ ಮಾಡಲಿಲ್ಲ. ಕಿವುಚಿ, ಬೆಲ್ಲ ಏಲಕ್ಕಿ ಹಾಕಿ, ಪಾನಕವೆಂದು ಅರವಟ್ಟಿಗೆಯಲ್ಲಿ ಹಂಚಿದಳು. ಜನ ಒಗರಿಗೆ ಮುಖ ಹುಳ್ಳಗೆ ಮಾಡಿಕೊಂಡು ಕುಡಿದರು. ವೈನಿನ ದ್ರಾಕ್ಷಿಯದೆಂದು ಸುದ್ದಿ ಹಬ್ಬಿದ ಮೇಲೆ ಯಾರೂ ಮುಖ ಹುಳ್ಳಗೆ ಮಾಡಲಿಲ್ಲ. ಗಾಡಿಯಲ್ಲಿ ಪ್ಲಾಸ್ಟಿಕ್ ಬಿಂದಿಗೆ ಮಾರುವ ಶಿರಾದ ಸಾಹೇಬರೊಬ್ಬರು ಲೋಟವನ್ನು ಮೂಸಿ, "ಅಮ್ಮಾ, ಇದ್ರಲ್ಲಿ ನಶಾ ಇಲ್ಲ ತಾನೇ?" ಎಂದು ಕೇಳಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು ಕುಡಿದರು. ಅವರ ಹಿಂದೆ ನಿಂತಿದ್ದವನೊಬ್ಬ ಅದೇ ಪ್ರಶ್ನೆ ಕೇಳಿ, ಇಲ್ಲವೆಂದು ತಿಳಿದು ಕುಡಿಯದೆ ಹೋದ.

ಮುಂದಿನದೆಲ್ಲ ಕಾಯುವುದು. ವೈನಿನ ಕೆಲಸದಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂರುವುದೇ ಇದೆ, ಆ ಮಟ್ಟಿಗೆ ಅದು ನಮ್ಮ ಇಲಾಖೆಯನ್ನು ಹೋಲುತ್ತದೆ. ಅವ್ವ ಮಾತ್ರ ಆ ಒಂದು ವರ್ಷ ಸರಿಯಾಗಿ ಉಣ್ಣಲಿಲ್ಲ. ತಾನೇ ತನ್ನ ಕೈಯಾರೆ ಕೆಡಿಸಿದೆ ಎಂಬ ಕೊರಗು ಅವಳನ್ನು ತಿನ್ನುತ್ತಿತ್ತು.

ರುಚಿ ನೋಡುವ ದಿನ ನಾವು ಮೂವರೂ ಕಂಪನಿಗೆ ಹೋದೆವು. ತಣ್ಣನೆಯ ದೊಡ್ಡ ಕೋಣೆ, ಸಾಲಾಗಿ ಪೀಪಾಯಿ. ಅವ್ವ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು, ಬೇಡವೆಂದರೂ ಕೇಳಲಿಲ್ಲ. ಮೇಷ್ಟ್ರು ಗಾಜಿನ ಕೊಳವೆಯಿಂದ ವೈನು ತೆಗೆದು ಲೋಟಕ್ಕೆ ಬಿಟ್ಟು, ತಿರುಗಿಸಿದರು, ಮೂಸಿದರು, ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದರು. ಆಮೇಲೆ ಪಕ್ಕದ ಬಕೀಟಿಗೆ ಥೂ ಎಂದು ಉಗುಳಿದರು.

ಅವ್ವ ಕುಸಿದು ಕೂತಳು. "ಹೋಯ್ತು ಕಣ್ರಮ್ಮ," ಎಂದಳು. "ಉಗುದ್ಬುಟ್ರು. ನಾ ಬುಟ್ಟ ನೀರೇ ಮುಳುಗುಸ್ತು." ಕಣ್ಣಿಂದ ಬಳಬಳ ನೀರು ಸುರಿಯಿತು. ನಮ್ಮ ಕಡೆ ಬಾಯಿಗಿಟ್ಟದ್ದನ್ನು ಉಗುಳುವುದಕ್ಕೆ ಎರಡನೆಯ ಅರ್ಥವಿಲ್ಲ. ಸುಜಾತ ಅವಳ ಭುಜ ಹಿಡಿದುಕೊಂಡಳು.

ಮೇಷ್ಟ್ರು ಗಾಬರಿಯಾದರು. "ಅಯ್ಯ ಅವ್ವಾರ, ಯಾಕ ಅಳ್ತೀರಿ? ದಿನಾ ನೂರು ಪೀಪಾಯಿ ನೋಡ್ಬೇಕ್ರಿ, ಎಲ್ಲಾ ನುಂಗಿದ್ರ ನಾ ಮನೀಗೆ ಹೋಗೂದ ಹ್ಯಾಂಗ? ಇದು ಒಂದ ನಿಂದರ್ತೈತ್ರಿ. ಯಾರ ಜೋಡೀನೂ ಕಲಸೂದು ಬ್ಯಾಡ."

ಅವ್ವ ಕಣ್ಣೊರೆಸಿಕೊಂಡು, "ಹಂಗಾರೆ ಉಗೀಬ್ಯಾಡಿ," ಎಂದಳು. ಅವರು ಎರಡನೆಯ ಗುಟುಕನ್ನು ಅವಳೆದುರೇ ನುಂಗಿದರು. ನಾನೂ ಒಂದು ತೊಟ್ಟು ನಾಲಿಗೆಗೆ ಇಟ್ಟುಕೊಂಡೆ. ಹುಣಸೆಹಣ್ಣಿನ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಮರೆತುಬಿಟ್ಟಂತಿತ್ತು. ಭಾಷಣದ ಕರ್ತವ್ಯ ನೆನಪಾಗಿ ಬಕೀಟಿಗೆ ಉಗುಳಿದೆ. ಅವ್ವ ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ.

ಹೆಸರಿಗೆ ಮಾತ್ರ ಕಂಪನಿಯವರು ತಕರಾರು ತೆಗೆದರು. ಬಾಟಲಿಗೆ ಅಂಟಿಸುವ ಚೀಟಿಯನ್ನು ವಿನ್ಯಾಸ ಮಾಡುವ ಹುಡುಗಿ, "ಆಂಟಿ, ಮಿಕ್ಕಿದ್ದು ಅಂದ್ರೆ ತಂಗಳು ಅಂದಂಗಾಗುತ್ತೆ. ಇಷ್ಟು ದುಬಾರಿ ವೈನಿಗೆ ಏಕಶಿಲೆ ಅಂತಲೋ ಜೇನುಗಿರಿ ಅಂತಲೋ ಇಡೋಣ," ಎಂದು ಬೇಡಿಕೊಂಡಳು. ಅವ್ವ ಒಪ್ಪಲಿಲ್ಲ. "ಹೊಲಕ್ಕೆ ನಾನಿಟ್ಟ ಹೆಸ್ರಲ್ಲ ತಾಯಿ. ಇಟ್ಟೋರು ದೊಡ್ಡೋರು. ಬದ್ಲಾಯ್ಸಕ್ಕೆ ನಾನ್ಯಾರು?" ಎಂದಳು. ಕೊನೆಗೆ ಹಾಗೆಯೇ ಅಚ್ಚಾಯಿತು. ಮೇಲೆ ಇಂಗ್ಲಿಷು, ಕೆಳಗೆ ದಪ್ಪ ಕನ್ನಡದಲ್ಲಿ ಮಿಕ್ಕಿದ ಹೊಲ. ಹಿಂಬದಿಯಲ್ಲಿ, ಕಪ್ಪು ಹಣ್ಣು, ಕರಿಮೆಣಸು ಮತ್ತು ಬಿಸಿಲಿಗೆ ಕಾದ ಕಲ್ಲಿನ ಪರಿಮಳ ಎಂದು ಬರೆದಿದ್ದರು. "ಕಲ್ಲಿಗೆ ಪರಿಮಳ ಐತೆ ಅಂತ ಆವಾಗ್ಲೇ ಗೊತ್ತಿದ್ರೆ ಮೂಸ್ಕೊಂಡಾರ ಆಯ್ಕಂತಿದ್ವಿ," ಎಂದಳು ಸುಜಾತ. ಬೆಲೆ ನಾನು ಹೇಳುವುದಿಲ್ಲ. ಹೇಳಿದರೆ ನೀವು ನಂಬುವುದಿಲ್ಲ. ಖಾಲಿಯಾದ ಬಾಟಲಿಯನ್ನೂ ಎಸೆಯದೆ ಅವ್ವ ಹರಳೆಣ್ಣೆ ತುಂಬಿ ನನಗೆ ಕಳಿಸಿದ್ದು ಅದಕ್ಕೇ.

ಮೊದಲ ಪೆಟ್ಟಿಗೆ ಮನೆಗೆ ಬಂದ ದಿನ ಅವ್ವ ತಲೆಗೆ ನೀರು ಹಾಕಿಕೊಂಡು, ಒಂದು ಬಾಟಲಿಯನ್ನು ದೇವರ ಮುಂದಿಟ್ಟು, ಬುಟ್ಟಿಗೆ ಎಲೆಯಡಿಕೆ ಬಾಳೆಹಣ್ಣು ಜೋಡಿಸಿದಳು. ಹೊಸ ಫಸಲನ್ನು ಮನೆತನದ ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬಾಟಲಿಗೆ ಅರಿಶಿನ ಕುಂಕುಮ ಇಡುವಾಗ ಕತ್ತಿನ ಭಾಗಕ್ಕೆ ಮಾತ್ರ ಇಟ್ಟಳು. ಚೀಟಿಗೆ ಒಂದು ಚುಕ್ಕಿಯೂ ತಗುಲದಂತೆ ನೋಡಿಕೊಂಡಳು.

ನಾವು ಮೂವರೂ ಹೋದಾಗ ದೊಡ್ಡಪ್ಪ ತಮ್ಮ ಮನೆಯ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಎಂಬತ್ತು ದಾಟಿದೆ, ಆದರೂ ಮೀಸೆ ಗಟ್ಟಿ. ಅವ್ವ ಬುಟ್ಟಿಯನ್ನು ಮುಂದಿಟ್ಟು ನಮಸ್ಕಾರ ಮಾಡಿದಳು.

"ಇದೇನಮ್ಮ, ನಮ್ಮನೆಗೆ ಬ್ರಾಂದಿ ತಂದೀಯಾ?" ಎಂದರು ಅವರು.

"ಬ್ರಾಂದಿ ಅಲ್ಲ ಭಾವ, ನಮ್ಮೊಲದ ಫಸ್ಲು. ಹಿರೇರಿಗೆ ಕೊಡ್ದೆ ನಾವೆಂಗೆ ಮುಟ್ಟಾದು? ಅದ್ರ ಮ್ಯಾಲೆ ಏನೋ ಬರ್ದವ್ರೆ, ವಸಿ ಓದಿ. ನನ್ ಕನ್ನಡಕ ಮನೇಲೇ ಬುಟ್ಬಂದೆ."

ಕನ್ನಡಕ ಅವಳ ಕುತ್ತಿಗೆಯಲ್ಲಿ ದಾರಕ್ಕೆ ನೇತಾಡುತ್ತಿತ್ತು. ದೊಡ್ಡಪ್ಪ ಅದನ್ನು ನೋಡಿದರು. ಸುಜಾತ ಬೇರೆ ಕಡೆ ಮುಖ ತಿರುಗಿಸಿದಳು. ಅವರು ಬಾಟಲಿಯನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡರು.

"ಮಿಕ್ಕಿದ ಹೊಲ," ಎಂದು ಓದಿದರು.

ಅವರ ಮೀಸೆ ಒಂದೆರಡು ಸಲ ಅಲುಗಿತು. "ನಾನೇನೋ ಅವತ್ತು ಬಾಯಿಗೆ ಬಂದಿದ್ದು ಅಂದೆ ಕಣಮ್ಮ," ಎಂದರು ತಗ್ಗಿದ ದನಿಯಲ್ಲಿ. "ನೀನು ಇಷ್ಟೊರ್ಸ ಇಟ್ಕಂಡಿದ್ಯಲ್ಲ."

ಅವ್ವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅವರ ಜಗಲಿಯಲ್ಲಿ ಅವಳು ಹಾಗೆ ಕೂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಸರಿಯಾಗಿ ಕೇಳುಸ್ಲಿಲ್ಲ ಭಾವ," ಎಂದಳು. "ಇನ್ನೊಂದ್ಸಲ ಓದಿ."